ಇಂಟರ್ನೆಟ್ಟಿನ ಶಾನುಭೋಗ: ಜಾನ್ ಪೋಸ್ಟೆಲ್

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ವೆಬ್‌ಸೈಟಿಗೆ ಸ್ವಂತ ಡೊಮೇನ್ ತಗೊಂಡ್ವಿ. ಅದನ್ನ ಕ್ಲೌಡ್ ಹೋಸ್ಟಿಂಗಿಗೆ ಜೋಡಿಸೋ ಕೆಲಸ ನನ್ನ ತಲೆಗೆ ಬಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡು ಊಟ ಮುಗಿಸಿ ಕೂತೆ. ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರೋ ವಿಳಾಸ ಬೇಗ ಸರಿಹೋಯ್ತು. ಹೋಸ್ಟಿಂಗ್‌ನವರು ಕೊಟ್ಟ ಹೆಸರನ್ನ ಸಿನೇಮ್ ರೆಕಾರ್ಡಿಗೆ ಹಾಕಿದೆ, ಮುಗೀತು. ಆದ್ರೆ ಮುಂದೆ ಏನೂ ಇಲ್ಲದ ಬರೀ ಹೆಸರಿಗೆ, ಅಂದ್ರೆ ರೂಟ್ ಡೊಮೇನಿಗೆ, ಅದೇ ಸಿನೇಮ್ ಹಾಕೋಕೆ ಹೋದ್ರೆ ಸೆಟ್ಟಿಂಗ್ಸ್ ಪುಟ ಒಪ್ಪಲೇ ಇಲ್ಲ. ಕೆಂಪು ಅಕ್ಷರದ ಎರರ್. ಮೂರು ಸಲ ಹಾಕಿದೆ, ಮೂರು ಸಲವೂ ಅದೇ.

ತಪ್ಪು ನನ್ನದೇ. ಸಿನೇಮ್ ಅಂದ್ರೆ ಈ ಹೆಸರಿನ ಬಗ್ಗೆ ಇಲ್ಲಿ ಕೇಳಬೇಡ, ಆ ಇನ್ನೊಂದು ಹೆಸರನ್ನ ಹೋಗಿ ಕೇಳು ಅಂತ ಕೈ ತೋರಿಸೋ ರೆಕಾರ್ಡು. ಹಾಗೆ ಕೈ ತೋರಿಸೋ ಹೆಸರಿನ ಹತ್ತಿರ ಬೇರೆ ರೆಕಾರ್ಡ್ ಇರುವಂತಿಲ್ಲ. ರೂಟ್ ಡೊಮೇನಿನ ಹತ್ತಿರ ಮಾತ್ರ ಎರಡು ರೆಕಾರ್ಡ್ ಇರಲೇಬೇಕು. ಈ ಡೊಮೇನಿನ ಲೆಕ್ಕ ಯಾವ ಸರ್ವರ್‌ಗಳಲ್ಲಿದೆ ಅಂತ ಹೇಳೋ ಎನ್‌ಎಸ್ ಒಂದು, ಆ ಲೆಕ್ಕದ ಒಡೆತನ ಹೇಳೋ ಎಸ್‌ಒಎ ಇನ್ನೊಂದು. ಹಾಗಾಗಿ ಅಲ್ಲಿ ಸಿನೇಮಿಗೆ ಜಾಗ ಇಲ್ಲ. ಕ್ಲೌಡ್‌ನವರಿಗೋ, ಹಿಂದಿನ ಮಷೀನುಗಳು ಬದಲಾಗ್ತಾ ಇರೋದ್ರಿಂದ ಐಪಿ ವಿಳಾಸಕ್ಕಿಂತ ಹೆಸರು ಕೊಡೋದೇ ಇಷ್ಟ. ಕೆಲವು ಡಿಎನ್‌ಎಸ್ ಕಂಪನಿಗಳು ಅಲಿಯಾಸ್, ಫ್ಲಾಟನಿಂಗ್ ಅಂತೆಲ್ಲ ಉಪಾಯ ಮಾಡಿಕೊಂಡಿವೆ. ಆ ಹೆಸರನ್ನ ತಾವೇ ಹುಡುಕಿ, ಸಿಕ್ಕ ಐಪಿಯನ್ನ ಎ ರೆಕಾರ್ಡ್ ತರಹ ಕೊಡ್ತಾರೆ. ನಮ್ಮ ಅಗ್ಗದ ಪ್ಲಾನಿನಲ್ಲಿ ಅದು ಇರಲಿಲ್ಲ. ಹೋಸ್ಟಿಂಗ್‌ನವರ ಸೂಚನೆಯಲ್ಲಿದ್ದ ಐಪಿಯನ್ನ ನೇರವಾಗಿ ಎ ರೆಕಾರ್ಡಿಗೆ ಹಾಕಿ, ಹಳೇ ಉತ್ತರದ ಅವಧಿ ಮುಗಿಯೋ ತನಕ ಕಾದು ಮಲಗಿದೆ.

ಮಾರನೇ ದಿನ ಆ ನಿಯಮ ಎಲ್ಲಿಂದ ಬಂತು ಅಂತ ಹುಡುಕಿದೆ. 1987ರ ನವೆಂಬರಿನ ಒಂದು ದಾಖಲೆ, ಆರ್‌ಎಫ್‌ಸಿ 1034. ಬರೆದವರು ಪಾಲ್ ಮೊಕಾಪೆಟ್ರಿಸ್. ನಾನು ಹುಟ್ಟೋಕೂ ಎಷ್ಟೋ ವರ್ಷ ಮುಂಚೆ ಬರೆದ ಒಂದು ಸಾಲು ರಾತ್ರಿ ನನ್ನ ನಿದ್ದೆ ಕೆಡಿಸಿತ್ತು. ಹಿಂದಿನ ದಾಖಲೆ, ಅದರ ಹಿಂದಿನದು ಅಂತ ಓದ್ತಾ ಹೋದಾಗ ಒಂದೇ ಹೆಸರು ಮತ್ತೆ ಮತ್ತೆ ಸಿಕ್ಕಿತು. ಕೆಲವು ಕಡೆ ಲೇಖಕ, ಕೆಲವು ಕಡೆ ಸಂಪಾದಕ, ಇನ್ನು ಕೆಲವು ಕಡೆ ನಂಬರ್ ಬೇಕಿದ್ದರೆ ಇವರನ್ನ ಕೇಳಿ ಅಂತ. ಆ ಹೆಸರು ಜಾನ್ ಪೋಸ್ಟೆಲ್. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರಿಗೆ ನಾವು ಬಾಯಿಪಾಠ ಮಾಡೋ ಅರ್ಧ ಸಿಲಬಸ್ ಈ ಮನುಷ್ಯನ ಕೈ ದಾಟಿ ಬಂದಿದೆ, ಆದ್ರೆ ನಮ್ಮ ಕ್ಲಾಸಿನಲ್ಲಿ ಕೇಳಿದ್ರೆ ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಡೀನದಲ್ಲಿ. ಓದಿದ್ದು ಲಾಸ್ ಏಂಜಲೀಸಿನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್ನೆಟ್ ಕಟ್ಟಿದವರಲ್ಲಿ ದೊಡ್ಡ ಹೆಸರಾದ ವಿಂಟ್ ಸರ್ಫ್, ಸ್ಟೀವ್ ಕ್ರಾಕರ್ ಕೂಡ ಅದೇ ಸ್ಕೂಲು. ಒಂದೇ ಸ್ಕೂಲಿಂದ ಮೂರು ಜನ! ಆಮೇಲೆ ಮೂವರೂ ಅದೇ ಊರಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿಕ್ಕರು. ಪೋಸ್ಟೆಲ್ ಅಲ್ಲಿ 1966ರಲ್ಲಿ ಡಿಗ್ರಿ, 1968ರಲ್ಲಿ ಮಾಸ್ಟರ್ಸ್, 1974ರಲ್ಲಿ ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌ಡಿ ಮುಗಿಸಿದರು.

ಅವರು ಇದ್ದ ಜಾಗ ಮತ್ತು ಕಾಲ ಎರಡೂ ಸರಿಯಾಗಿ ಕೂಡಿಬಂದವು. ಲೆನರ್ಡ್ ಕ್ಲೈನ್‌ರಾಕ್ ಅವರ ಲ್ಯಾಬಿಗೆ 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಬಂತು. ಆ ವರ್ಷ ಅಕ್ಟೋಬರ್ 29ರಂದು ಅಲ್ಲಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ ಮೊದಲ ಸಂದೇಶ ಹೋಯ್ತು, ಎರಡು ಅಕ್ಷರ ದಾಟೋ ಹೊತ್ತಿಗೆ ಆ ಕಡೆ ಸಿಸ್ಟಮ್ ಕ್ರ್ಯಾಶ್ ಆಯ್ತು. ಈ ಕತೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲೇ, ಏಪ್ರಿಲ್‌ನಲ್ಲಿ, ಇನ್ನೂ ವಿದ್ಯಾರ್ಥಿಗಳಾಗಿದ್ದ ಈ ಗುಂಪು ತಮ್ಮ ಚರ್ಚೆಗಳನ್ನ ಬರೆದಿಡೋಕೆ ಶುರುಮಾಡಿತ್ತು. ನಾವು ಹುಡುಗರು, ದೊಡ್ಡವರು ಬಂದು ಬೈದುಬಿಟ್ಟರೆ ಅನ್ನೋ ಭಯಕ್ಕೆ ಕ್ರಾಕರ್ ಅದನ್ನ ನಿಯಮ ಅಂತ ಕರೆಯದೆ, ಅಭಿಪ್ರಾಯ ಕೇಳೋ ಕಾಗದ ಅನ್ನೋ ಅರ್ಥ ಬರೋ ಹಾಗೆ ಆರ್‌ಎಫ್‌ಸಿ ಅಂತ ಕರೆದರು. ಈ ಕಾಗದಗಳನ್ನ ನೋಡಿಕೊಳ್ಳೋ ಕೆಲಸ ಪೋಸ್ಟೆಲ್ ಕೈಗೆ ಬಂತು. ಬಂದಿದ್ದು ಸಾಯೋ ತನಕ ಬಿಡಲಿಲ್ಲ, ಸುಮಾರು 28 ವರ್ಷ.

ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರಿನ ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡಬೇಕಂದ್ರೆ ಯಾವ ಬಾಗಿಲು ತಟ್ಟಬೇಕು ಅಂತ ಮೊದಲೇ ಗೊತ್ತಿರಬೇಕು. ಒಬ್ಬ ಮೇಲ್‌ಗೆ ಒಂದು ನಂಬರ್ ಇಟ್ಟುಕೊಂಡು, ಪಕ್ಕದ ಊರಿನವನು ಅದೇ ನಂಬರನ್ನ ಫೈಲ್ ಕಳಿಸೋಕೆ ಇಟ್ಟುಕೊಂಡರೆ ಕೆಲಸ ಕೆಟ್ಟಿತು. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಚಿಕ್ಕ ಆರ್‌ಎಫ್‌ಸಿ ಬರೆದರು. ಈ ನಂಬರುಗಳನ್ನ ಹಂಚೋಕೆ ಯಾರಾದರೂ ಒಬ್ಬರು ಬೇಕು, ಆ ಒಬ್ಬ ನಾನೇ ಆದರೂ ಆಗಬಹುದು ಅನ್ನೋದು ಅದರ ತಾತ್ಪರ್ಯ. ಯಾರೂ ಬೇಡ ಅನ್ನಲಿಲ್ಲ. ಇವತ್ತು ಮೇಲ್‌ಗೆ 25, ಡಿಎನ್‌ಎಸ್‌ಗೆ 53, ವೆಬ್ಬಿಗೆ 80 ಅಂತ ನಾವು ವೈವಾದಲ್ಲಿ ಹೇಳೋ ನಂಬರುಗಳೆಲ್ಲ ಆ ಪಟ್ಟಿಯ ಸಂತಾನ.

ನಮ್ಮ ತಾತ ಹಳೇ ಕಾಲದ ಶಾನುಭೋಗರ ಬಗ್ಗೆ ಹೇಳೋರು. ಊರಿನ ಜಮೀನು ಅವರದಲ್ಲ, ಆದ್ರೆ ಯಾರ ಜಮೀನು ಎಲ್ಲಿಂದ ಎಲ್ಲಿಗೆ ಅನ್ನೋ ಕಡತ ಅವರ ಹತ್ರ. ಕಡತದಲ್ಲಿ ಇದ್ದದ್ದೇ ನಿಜ. ಪೋಸ್ಟೆಲ್ ಬಗ್ಗೆ ಓದುವಾಗ ನನಗೆ ತಲೆಗೆ ಬಂದಿದ್ದು ಅದೇ. ವ್ಯತ್ಯಾಸ ಏನಂದ್ರೆ ಶಾನುಭೋಗರನ್ನ ಸರ್ಕಾರ ಒಪ್ಪಿತ್ತು, ಅವರ ಹಿಂದೆ ಕಾನೂನಿತ್ತು. ಪೋಸ್ಟೆಲ್ ಹಿಂದೆ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನೆಯ ದುಡ್ಡಿತ್ತು ಅಷ್ಟೆ. ಅವರು ಕೊಟ್ಟ ನಂಬರನ್ನ ನೀವು ಬಳಸಲೇಬೇಕು ಅನ್ನೋ ಕಾನೂನು ಎಲ್ಲೂ ಇರಲಿಲ್ಲ. ಲೆಕ್ಕ ಸರಿಯಾಗಿ ಇಡ್ತಾರೆ, ಪಕ್ಷಪಾತ ಮಾಡಲ್ಲ ಅಂತ ಜನ ನಂಬಿದ್ದರು.

ಪಿಎಚ್‌ಡಿ ಆದಮೇಲೆ ಬೇರೆ ಬೇರೆ ಕಡೆ ಕೆಲಸ ಮಾಡಿ, 1977ರಲ್ಲಿ ಮರೀನಾ ಡೆಲ್ ರೇಯಲ್ಲಿರೋ ಇನ್‌ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್ ಸೇರಿದರು. ಅದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆ, ಚಿಕ್ಕದಾಗಿ ಐಎಸ್‌ಐ. ಅದೇ ವರ್ಷ ಅವರು ಒಂದು ಟಿಪ್ಪಣಿ ಬರೆದರು. ಆಗ ಟಿಸಿಪಿ ಅಂದ್ರೆ ಒಂದೇ ದೊಡ್ಡ ಮುದ್ದೆ. ಪ್ಯಾಕೆಟ್ ದಾರಿ ಹುಡುಕೋದು, ಅದು ತಲುಪಿದೆಯಾ ಅಂತ ಖಾತ್ರಿ ಮಾಡೋದು ಎರಡೂ ಅದರದೇ ಕೆಲಸ. ಇದು ತಪ್ಪು, ಎರಡನ್ನೂ ಬೇರೆ ಬೇರೆ ಪದರ ಮಾಡಬೇಕು ಅಂತ ಪೋಸ್ಟೆಲ್ ವಾದಿಸಿದರು. ಮಾರನೇ ವರ್ಷ ಟಿಸಿಪಿ ಬೇರೆ, ಐಪಿ ಬೇರೆ ಆಯ್ತು. ನಾವು ಒಂದೇ ಉಸಿರಿನಲ್ಲಿ ಟಿಸಿಪಿ ಐಪಿ ಅನ್ನುವಾಗ ಮಧ್ಯೆ ಇರೋ ಗೆರೆ ಆ ವಾದದ್ದು. ಆ ಗೆರೆ ಇಲ್ಲದಿದ್ದರೆ ಯುಡಿಪಿಗೆ ಜಾಗವೇ ಇರ್ತಿರಲಿಲ್ಲ.

ಯುಡಿಪಿಯನ್ನ 1980ರಲ್ಲಿ ಅವರೇ ಬರೆದರು. ಇಡೀ ದಾಖಲೆ ಮೂರು ಪುಟ! ನಮ್ಮ ಲ್ಯಾಬ್ ರೆಕಾರ್ಡಿನ ಒಂದು ಎಕ್ಸ್‌ಪೆರಿಮೆಂಟ್ ಅದಕ್ಕಿಂತ ಉದ್ದ ಇರುತ್ತೆ. 1981ರಲ್ಲಿ ಐಪಿ ಮತ್ತು ಟಿಸಿಪಿ ದಾಖಲೆಗಳು ಅವರ ಸಂಪಾದಕತ್ವದಲ್ಲಿ ಬಂದವು, 1982ರಲ್ಲಿ ಮೇಲ್ ಕಳಿಸೋ ಎಸ್‌ಎಂಟಿಪಿ. ಟಿಸಿಪಿ ದಾಖಲೆಯೊಳಗೆ ಅವರದೊಂದು ಸಲಹೆ ಇದೆ. ನೀನು ಕಳಿಸುವಾಗ ನಿಯಮದ ಪ್ರಕಾರ ಬಿಗಿಯಾಗಿ ಕಳಿಸು, ಬೇರೆಯವರು ಕಳಿಸಿದ್ದರಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಸಹಿಸಿಕೋ ಅನ್ನೋದು ಅದರ ಸಾರ. ಇದನ್ನ ಪೋಸ್ಟೆಲ್ ನಿಯಮ ಅಂತಲೇ ಕರೀತಾರೆ. ಹೀಗೆ ಸಹಿಸಿಕೊಂಡು ಸಹಿಸಿಕೊಂಡೇ ತಪ್ಪುಗಳು ಖಾಯಂ ಆಗಿಬಿಡ್ತವೆ ಅಂತ ಈಗಿನ ಎಂಜಿನಿಯರುಗಳು ಜಗಳ ಮಾಡ್ತಾರೆ. ಸೆಕ್ಯೂರಿಟಿ ದೃಷ್ಟಿಯಿಂದ ಅವರ ಮಾತಲ್ಲೂ ನಿಜ ಇದೆ ಅನ್ಸುತ್ತೆ.

ಪೋಸ್ಟೆಲ್ ಬರೀ ಮೆತ್ತಗಿನ ಮನುಷ್ಯ ಅಂದುಕೊಳ್ಳಬೇಡಿ. ಹಳೇ ಎನ್‌ಸಿಪಿ ಬಿಟ್ಟು ಟಿಸಿಪಿ ಐಪಿಗೆ ಬನ್ನಿ, 1983ರ ಜನವರಿ 1 ಕೊನೇ ದಿನ ಅಂತ ಎಲ್ಲರಿಗೂ ಹೇಳಿದ್ದರೂ ಬಹಳ ಜನ ತಲೆಕೆಡಿಸಿಕೊಳ್ಳಲಿಲ್ಲ. ಸಬ್ಮಿಷನ್ ಡೇಟ್ ಅಂದ್ರೆ ಎಲ್ಲಾ ಕಡೆ ಒಂದೇ ಕತೆ. ಆಗ ಸರ್ಫ್ ಮತ್ತು ಪೋಸ್ಟೆಲ್ 1982ರ ಮಧ್ಯದಲ್ಲಿ ಒಂದು ದಿನ ಪೂರ್ತಿ ಅರ್ಪಾನೆಟ್‌ನಲ್ಲಿ ಎನ್‌ಸಿಪಿ ಓಡದ ಹಾಗೆ ಮಾಡಿದರು. ಬದಲಾಗದವರ ಮಷೀನುಗಳು ಮೂಕವಾದವು. ಆಮೇಲೆ ಜನ ಎದ್ದು ಕೂತರು.

ಈಗ ಹೆಸರುಗಳ ವಿಷಯ. 1983ಕ್ಕೆ ಮುಂಚೆ ಇಡೀ ನೆಟ್‌ವರ್ಕಿನ ಹೆಸರು ಮತ್ತು ವಿಳಾಸ ಒಂದೇ ಫೈಲಿನಲ್ಲಿ ಇತ್ತು, ಹೋಸ್ಟ್ಸ್ ಡಾಟ್ ಟೆಕ್ಸ್ಟ್ ಅಂತ. ಅದನ್ನ ನೋಡಿಕೊಳ್ತಿದ್ದದ್ದು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ. ಹೊಸ ಕಂಪ್ಯೂಟರ್ ಸೇರಿಸಬೇಕಂದ್ರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಎಲ್ಲರೂ ಹೊಸ ಫೈಲ್ ಇಳಿಸಿಕೊಳ್ಳಬೇಕು. ಕೆಲವು ನೂರು ಮಷೀನಿಗೆ ಸರಿ, ಅದಕ್ಕಿಂತ ಹೆಚ್ಚಾದಾಗ ಉಸಿರು ಕಟ್ಟಿತು. ಇದಕ್ಕೆ ಆಗಲೇ ಐದು ಬೇರೆ ಬೇರೆ ಪರಿಹಾರಗಳು ಬಂದಿದ್ದವು. ಅವುಗಳನ್ನ ಹೊಂದಿಸಿ ಒಂದು ರಾಜಿ ಮಾಡಿಕೊಡು ಅಂತ ಪೋಸ್ಟೆಲ್ ತಮ್ಮ ಜೊತೆ ಐಎಸ್‌ಐನಲ್ಲಿದ್ದ ಮೊಕಾಪೆಟ್ರಿಸ್ ಅವರಿಗೆ ಹೇಳಿದರು. ಅವರು ಐದನ್ನೂ ಬದಿಗಿಟ್ಟು ಹೊಸದನ್ನೇ ಮಾಡಿದರು. ಅದೇ ಡಿಎನ್‌ಎಸ್. ಹೇಳಿದ ಕೆಲಸ ಬಿಟ್ಟು ಇನ್ನೇನೋ ಮಾಡಿಕೊಂಡು ಬಂದವನನ್ನ ಪೋಸ್ಟೆಲ್ ತಡೆಯಲಿಲ್ಲ. ನಮ್ಮ ಗೈಡ್‌ಗಳು ಇದನ್ನ ಓದಲಿ ಅಂತ ಆಸೆ.

ಡಿಎನ್‌ಎಸ್ಸಿನ ಜೀವಾಳ ಇಷ್ಟೇ: ಎಲ್ಲಾ ಹೆಸರನ್ನೂ ಒಬ್ಬರೇ ಇಟ್ಟುಕೊಳ್ಳೋದು ಬೇಡ, ಒಬ್ಬೊಬ್ಬರು ತಮ್ಮ ಕೆಳಗಿನದನ್ನ ನೋಡಿಕೊಳ್ಳಲಿ. ನಮ್ಮ ಸಂಘದ ಡೊಮೇನಿನ ರೆಕಾರ್ಡುಗಳು ನಮ್ಮ ಕೈಲಿ. ನಮ್ಮ ಎನ್‌ಎಸ್ ಯಾವುದು ಅಂತ ಡಾಟ್ ಇನ್ ಸರ್ವರ್‌ಗಳಿಗೆ ಗೊತ್ತು. ಡಾಟ್ ಇನ್ ಎಲ್ಲಿದೆ ಅಂತ ರೂಟ್ ಸರ್ವರ್‌ಗಳಿಗೆ ಗೊತ್ತು. ರೂಟಿನ ಮೇಲೆ ಯಾರೂ ಇಲ್ಲ. ಅಲ್ಲಿರೋ ಚಿಕ್ಕ ಫೈಲಿನಲ್ಲಿ ಏನಿರಬೇಕು ಅಂತ ಒಬ್ಬರು ಹೇಳಲೇಬೇಕು. ಆ ಒಬ್ಬರು ಪೋಸ್ಟೆಲ್. 1984ರ ಅಕ್ಟೋಬರಿನಲ್ಲಿ ಅವರು ಮತ್ತು ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಸೇರಿ ಕಾಮ್, ಎಜು, ಗವ್, ಮಿಲ್, ಆರ್ಗ್ ಮತ್ತು ದೇಶಗಳಿಗೆ ಎರಡೆರಡು ಅಕ್ಷರ ಅಂತ ಬರೆದರು. ದೇಶಗಳ ವಿಷಯದಲ್ಲಿ ಅವರು ಬಹಳ ಜಾಣತನ ಮಾಡಿದರು. ಯಾವುದು ದೇಶ, ಯಾವುದು ಅಲ್ಲ ಅನ್ನೋ ಜಗಳಕ್ಕೆ ತಾವು ಇಳಿಯದೆ, ಐಎಸ್‌ಒ 3166 ಅನ್ನೋ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇರೋದನ್ನ ಹಾಗೇ ತಗೊಂಡರು. ನಮ್ಮ ಡಾಟ್ ಇನ್ 1989ರಲ್ಲಿ ರೂಟಿಗೆ ಸೇರಿತು. ದೇಶದ ಡೊಮೇನ್ ನೋಡಿಕೊಳ್ಳೋರು ಅದರ ಮಾಲೀಕರಲ್ಲ, ಜನರ ಪರವಾಗಿ ಕಾಯೋರು ಅನ್ನೋ ಮಾತನ್ನ 1994ರ ಇನ್ನೊಂದು ದಾಖಲೆಯಲ್ಲಿ ಬರೆದರು. ಈ ನಂಬರು ಮತ್ತು ಹೆಸರುಗಳ ಕೆಲಸಕ್ಕೆ ಅಷ್ಟರಲ್ಲಿ ಐಯಾನ ಅಂತ ಒಂದು ದೊಡ್ಡ ಹೆಸರು ಬಂದಿತ್ತು. ಆಫೀಸಿನೊಳಗೆ ಹೋದರೆ ಇದ್ದದ್ದು ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್ಸ್ ಹಾಕಿಕೊಂಡ ಪೋಸ್ಟೆಲ್ ಮತ್ತು ಕೆಲವೇ ಸಹೋದ್ಯೋಗಿಗಳು. ರಜೆ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಸಿಯೆರಾ ನೆವಾಡ ಬೆಟ್ಟ ಹತ್ತೋಕೆ ಹೋಗಿಬಿಡ್ತಿದ್ದರು.

1990ರ ದಶಕದಲ್ಲಿ ಈ ಚಿಕ್ಕ ಫೈಲಿನ ಸುತ್ತ ದುಡ್ಡು ಬಂತು. ಕಾಮ್, ನೆಟ್, ಆರ್ಗ್ ಹೆಸರುಗಳನ್ನ ನೋಂದಾಯಿಸೋ ಗುತ್ತಿಗೆ 1993ರಲ್ಲಿ ನೆಟ್‌ವರ್ಕ್ ಸೊಲ್ಯೂಶನ್ಸ್ ಅನ್ನೋ ಕಂಪನಿಗೆ ಹೋಯ್ತು. 1995ರ ಸೆಪ್ಟೆಂಬರಿನಿಂದ ಅವರು ಹೆಸರಿಗೆ ವರ್ಷಕ್ಕೆ 50 ಡಾಲರ್ ತಗೊಳ್ಳೋಕೆ ಶುರುಮಾಡಿದರು. ಅಲ್ಲಿವರೆಗೆ ಬಿಟ್ಟಿ ಸಿಗ್ತಿದ್ದ ಹೆಸರು ಈಗ ಬಿಸಿನೆಸ್. ಹೊಸ ಡೊಮೇನುಗಳನ್ನ ಸೇರಿಸಿ ಪೈಪೋಟಿ ತರಬೇಕು ಅಂತ ಪೋಸ್ಟೆಲ್ ಮತ್ತು ಇತರರು ಮಾಡಿದ ಪ್ರಯತ್ನ ಮುಂದೆ ಸಾಗಲಿಲ್ಲ. 1997ರಲ್ಲಿ ದಿ ಇಕಾನಮಿಸ್ಟ್ ಪತ್ರಿಕೆ ಇಂಟರ್ನೆಟ್ಟಿಗೆ ದೇವರು ಇದ್ದರೆ ಇವರೇ ಇರಬೇಕು ಅನ್ನೋ ಅರ್ಥದಲ್ಲಿ ಬರೆದಿತ್ತು. ಇನ್ನೊಂದು ಕಡೆ ಅಮೆರಿಕ ಸರ್ಕಾರ ರೂಟ್ ಯಾರ ಕೈಲಿರಬೇಕು ಅನ್ನೋ ಬಗ್ಗೆ ತನ್ನದೇ ಪ್ರಸ್ತಾವ ತಯಾರು ಮಾಡ್ತಿತ್ತು. ದೇವರನ್ನ ಯಾರೂ ಕೇಳೋ ಹಾಗೆ ಕಾಣಲಿಲ್ಲ.

ಆಗ ಬಂತು 1998ರ ಜನವರಿ 28. ಅದನ್ನ ಅರ್ಥ ಮಾಡಿಕೊಳ್ಳೋಕೆ ಒಂದು ವಿಷಯ ಗೊತ್ತಿರಬೇಕು. ರೂಟ್ ಸರ್ವರ್‌ಗಳ ಹೆಸರು ಎ ಯಿಂದ ಎಂ ತನಕ ಹದಿಮೂರು. ಹದಿಮೂರೇ ಯಾಕಂದ್ರೆ ಅವುಗಳ ಪಟ್ಟಿ 512 ಬೈಟಿನ ಒಂದು ಯುಡಿಪಿ ಉತ್ತರದೊಳಗೆ ಹಿಡಿಯಬೇಕಿತ್ತು. ಎ ಸರ್ವರ್ ಇದ್ದದ್ದು ನೆಟ್‌ವರ್ಕ್ ಸೊಲ್ಯೂಶನ್ಸ್ ಕಂಪನಿಯಲ್ಲಿ. ಪೋಸ್ಟೆಲ್ ಒಪ್ಪಿದ ಬದಲಾವಣೆಯನ್ನ ಅವರು ಅಲ್ಲಿ ಹಾಕ್ತಿದ್ದರು, ಉಳಿದ ಹನ್ನೆರಡು ಅದನ್ನ ಕಾಪಿ ಮಾಡಿಕೊಳ್ತಿದ್ದವು. ಅಂದ್ರೆ ಎ ಸರ್ವರ್‌ನಲ್ಲಿ ಇರೋದೇ ಇಡೀ ಇಂಟರ್ನೆಟ್ಟಿಗೆ ಮೂಲ.

ಆ ದಿನ ಪೋಸ್ಟೆಲ್ ಎಂಟು ಜನ ರೂಟ್ ನಿರ್ವಾಹಕರಿಗೆ ಒಂದು ಇಮೇಲ್ ಕಳಿಸಿದರು. ಇನ್ನುಮುಂದೆ ಎ ಸರ್ವರಿಂದ ಕಾಪಿ ಮಾಡಬೇಡಿ, ಐಯಾನದ ಸರ್ವರಿಂದ ತಗೊಳ್ಳಿ ಅಂತ. ಎಂಟೂ ಜನ ಹಾಗೇ ಮಾಡಿದರು. ಆ ನಿರ್ವಾಹಕರು ಅವರ ಕೈಕೆಳಗಿನ ನೌಕರರಲ್ಲ, ಬೇರೆ ಬೇರೆ ಸಂಸ್ಥೆಗಳವರು. ಹೇಳಿದ್ದು ಜಾನ್, ಅದಕ್ಕೇ ಕೇಳಿದರು. ನೆಟ್‌ವರ್ಕ್ ಸೊಲ್ಯೂಶನ್ಸ್, ನಾಸಾ ಮತ್ತು ಅಮೆರಿಕದ ಸೇನೆಯ ಕಡೆಯವರು ಮಾತ್ರ ಹಳೇ ಮೂಲಕ್ಕೇ ಉಳಿದರು. ಎರಡೂ ಕಡೆ ಫೈಲ್ ಒಂದೇ ಆಗಿದ್ದರಿಂದ ಯಾರ ವೆಬ್‌ಸೈಟೂ ನಿಲ್ಲಲಿಲ್ಲ, ಯಾರ ಮೇಲೂ ಕಳೆದುಹೋಗಲಿಲ್ಲ. ಆದ್ರೆ ಜಗತ್ತಿನ ಹೆಚ್ಚಿನ ರೂಟ್ ಸರ್ವರ್‌ಗಳು ಈಗ ಮರೀನಾ ಡೆಲ್ ರೇಯ ಒಬ್ಬ ಸಂಶೋಧಕನ ಮಾತು ಕೇಳ್ತಿದ್ದವು. ಅವರು ಮನಸ್ಸು ಮಾಡಿದ್ದರೆ ಹೊಸ ಡೊಮೇನುಗಳನ್ನ ಆ ಫೈಲಿಗೆ ಸೇರಿಸಬಹುದಿತ್ತು, ತಡೆಯೋರು ಯಾರೂ ಇರಲಿಲ್ಲ.

ಸೇರಿಸಲಿಲ್ಲ. ಅಧ್ಯಕ್ಷ ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜಿನರ್ ಕಡೆಯಿಂದ ಫೋನ್ ಬಂತು, ಎಲ್ಲಾ ಮೊದಲಿನ ಹಾಗೆ ಮಾಡಿ ಅಂತ ಒತ್ತಡ ಬಂತು. ಪೋಸ್ಟೆಲ್ ಇದು ಒಂದು ಟೆಸ್ಟ್ ಅಂತ ಹೇಳಿ, ಎಂಟೂ ಸರ್ವರ್‌ಗಳನ್ನ ಹಿಂದಕ್ಕೆ ತಿರುಗಿಸಿದರು. ಇಮೇಲ್ ಹೋದ ಎರಡೇ ದಿನಕ್ಕೆ, ಜನವರಿ 30ರಂದು, ಸರ್ಕಾರ ತನ್ನ ಪ್ರಸ್ತಾವ ಹೊರಗೆ ಬಿಟ್ಟಿತು.

ಟೆಸ್ಟಾ, ಪ್ರತಿಭಟನೆಯಾ? ತಾಂತ್ರಿಕವಾಗಿ ಅದು ಟೆಸ್ಟ್ ಅನ್ನೋದು ಸುಳ್ಳಲ್ಲ. ಮೂಲವನ್ನ ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಬೇಕಾಗಿ ಬಂದರೆ ನಡೆಯುತ್ತಾ ಅಂತ ನೋಡೋದು ಬೇಕಿತ್ತು, ನಡೆಯುತ್ತೆ ಅಂತ ಗೊತ್ತೂ ಆಯ್ತು. ಆದ್ರೆ 1982ರಲ್ಲಿ ಒಂದು ದಿನ ನೆಟ್‌ವರ್ಕ್ ನಿಲ್ಲಿಸಿ ಪಾಠ ಹೇಳಿದ ಮನುಷ್ಯನಿಗೆ ತಾನು ಯಾರಿಗೆ ಏನು ತೋರಿಸ್ತಿದ್ದೀನಿ ಅಂತ ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ. ಇದರ ಬಗ್ಗೆ ನನ್ನ ರೂಮ್‌ಮೇಟ್ ಜೊತೆ ಜಗಳವೇ ಆಯ್ತು. ಚುನಾವಣೆ ಇಲ್ಲ, ಕಾನೂನಿಲ್ಲ, ಒಬ್ಬ ಮನುಷ್ಯ ಒಂದು ಮೇಲ್‌ನಲ್ಲಿ ರೂಟ್ ತಿರುಗಿಸಬಹುದು ಅಂದ್ರೆ ಅದು ಭಯ ಪಡಬೇಕಾದ ವಿಷಯ ಅನ್ನೋದು ಅವನ ವಾದ. ಆ ಮನುಷ್ಯ ಒಳ್ಳೆಯವನಾಗಿದ್ದದ್ದು ನಮ್ಮ ಅದೃಷ್ಟ ಅಷ್ಟೆ ಅಂತ. ಒಪ್ಪಬೇಕಾಯ್ತು. ಆದ್ರೆ ಕೈಗೆ ಸಿಕ್ಕ ಅಧಿಕಾರವನ್ನ ವಾಪಸ್ ಇಟ್ಟವರು ಎಷ್ಟು ಜನ ಅಂತ ನಾನೂ ಕೇಳಿದೆ. ರಾತ್ರಿ ಒಂದಾಗಿತ್ತು, ಅಲ್ಲಿಗೆ ಬಿಟ್ವಿ.

ಆಮೇಲಿನ ತಿಂಗಳುಗಳು ಸಭೆ, ಕರಡು, ಜಗಳ. ರೂಟ್ ನೋಡಿಕೊಳ್ಳೋಕೆ ಲಾಭಕ್ಕಲ್ಲದ ಒಂದು ಖಾಸಗಿ ಸಂಸ್ಥೆ ಬೇಕು ಅನ್ನೋ ತೀರ್ಮಾನ ಆಯ್ತು, ಪೋಸ್ಟೆಲ್ ಅದನ್ನ ಕಟ್ಟೋಕೆ ಕೂತರು. ಕಡತವನ್ನ ತಮ್ಮ ಕೈಯಿಂದ ಒಂದು ಸಂಸ್ಥೆಯ ಕೈಗೆ ದಾಟಿಸೋ ಕೆಲಸ. ಐಕ್ಯಾನ್ ಅನ್ನೋ ಆ ಸಂಸ್ಥೆ 1998ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಆಯ್ತು. ಅದರ ತಾಂತ್ರಿಕ ಮುಖ್ಯಸ್ಥರು ಅವರೇ ಆಗೋದು ಅಂತ ಇತ್ತು. ಅವರಿಗೆ ಹೃದಯದ ಕವಾಟದ ತೊಂದರೆ ಹಳೆಯದು, 1991ರಲ್ಲೇ ಒಂದು ಆಪರೇಷನ್ ಆಗಿತ್ತು. ಈಗ ಇನ್ನೊಂದು ಬೇಕಾಯ್ತು. ಅದರಿಂದ ಚೇತರಿಸಿಕೊಳ್ಳಲಿಲ್ಲ. ಅಕ್ಟೋಬರ್ 16ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು, 55 ವರ್ಷ. ಸಂಸ್ಥೆ ಹುಟ್ಟಿ ಹದಿನಾರು ದಿನ ಆಗಿತ್ತು.

ವಿಂಟ್ ಸರ್ಫ್ ತಮ್ಮ ಗೆಳೆಯನ ನೆನಪನ್ನ ಒಂದು ಆರ್‌ಎಫ್‌ಸಿಯಾಗಿಯೇ ಬರೆದರು, ನಂಬರ್ 2468. ಪ್ರೋಟೋಕಾಲ್‌ಗಳ ಸಾಲಿನ ಮಧ್ಯೆ, ಅದೇ ಸಾದಾ ಟೈಪಿನ ಅಕ್ಷರದಲ್ಲಿ, ಒಂದು ಶ್ರದ್ಧಾಂಜಲಿ. ನಾನು ಓದಿದ ಆರ್‌ಎಫ್‌ಸಿಗಳಲ್ಲಿ ಪೂರ್ತಿ ಅರ್ಥ ಆಗಿದ್ದು ಅದೊಂದೇ ಅಂದ್ರೂ ನಡೆಯುತ್ತೆ. ಉಳಿದ ಕಾಗದಗಳ ಕೆಲಸವನ್ನ ಐಎಸ್‌ಐನಲ್ಲಿ ಜಾಯ್ಸ್ ರೆನಾಲ್ಡ್ಸ್ ಮತ್ತು ಬಾಬ್ ಬ್ರೇಡನ್ ಮುಂದುವರಿಸಿದರು. ಐಯಾನ ಕೆಲಸದ ಮೇಲೆ ಅಮೆರಿಕ ಸರ್ಕಾರಕ್ಕಿದ್ದ ಗುತ್ತಿಗೆ ಮುಗಿದಿದ್ದು 2016ರ ಅಕ್ಟೋಬರ್ 1ಕ್ಕೆ, ಅವರು ಹೋಗಿ ಹದಿನೆಂಟು ವರ್ಷದ ಹತ್ತಿರ.

ಆ ರೂಟ್ ಫೈಲ್ ಈಗಲೂ ಇದೆ, ಯಾರು ಬೇಕಾದ್ರೂ ಇಳಿಸಿಕೊಂಡು ಓದಬಹುದು. ನಮ್ಮ ಡೊಮೇನ್ ಸರಿಹೋದ ವಾರ ಇಳಿಸಿ ನೋಡಿದೆ. ಡಾಟ್ ಇನ್ ಇತ್ತು. ಅದರ ಜೊತೆ ಕನ್ನಡ ಲಿಪಿಯ ಡಾಟ್ ಭಾರತ ಕೂಡ ಇದೆ ಅಂತ ಕೇಳಿದ್ದೆ, ಹುಡುಕಿದರೆ ಸಿಗಲಿಲ್ಲ. ಹಳೇ ಡಿಎನ್‌ಎಸ್‌ನಲ್ಲಿ ಹೆಸರುಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಒಂದು ಅಡ್ಡಗೀಟು ಮಾತ್ರ ಅನ್ನೋದು ರೂಢಿ, ಹಾಗಾಗಿ ಕನ್ನಡದ ಹೆಸರು ಒಳಗೆ ಹೋಗುವಾಗ ಎಕ್ಸ್ ಎನ್ ಅಂತ ಶುರುವಾಗೋ ಒಂದು ಗುಟ್ಟಿನ ಸಾಲಾಗಿ ಬದಲಾಗುತ್ತೆ. ಆ ಸಾಲು ಹಾಕಿ ಮತ್ತೆ ಹುಡುಕಿದೆ. ಇತ್ತು.